ಬರೆಯದೆ ಬಿಟ್ಟ ಸಾಲು

ಆಸ್ಪತ್ರೆಯ ಫೈಲುಗಳಲ್ಲಿ ನಮ್ಮ ಕಸುಬಿನವರು ಬರೆಯುವ ಒಂದು ವಾಕ್ಯವಿದೆ: ‘ರೋಗಿಗೂ ಮನೆಯವರಿಗೂ ಕೌನ್ಸೆಲಿಂಗ್ ಮಾಡಲಾಯಿತು.’ ಎಂ.ಎಸ್.ಡಬ್ಲ್ಯು. ಮುಗಿಸಿ ಈಗಷ್ಟೇ ವಾರ್ಡಿಗೆ ಕಾಲಿಟ್ಟಿರುವ ನೀವೂ ಹದಿನೈದು ದಿನದಲ್ಲಿ ಅದನ್ನು ಕಲಿತುಬಿಡುತ್ತೀರಿ. ಯಾರು ಮಾಡಿದರು, ಏನು ಹೇಳಿದರು, ಕೇಳಿಸಿಕೊಂಡವರು ಏನೆಂದರು, ಹೋಗುವಾಗ ಅವರ ಮುಖ ಹೇಗಿತ್ತು, ಯಾವುದೂ ಅದರಿಂದ ತಿಳಿಯುವುದಿಲ್ಲ. ತಪ್ಪು ಹಿಡಿಯಲು ಯಾರಿಗೂ ಎಡೆಯಿಲ್ಲ. ಅದಕ್ಕೇ ಅದು ಎಲ್ಲರಿಗೂ ಅಚ್ಚುಮೆಚ್ಚು. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಕೂದಲು ಬೆಳ್ಳಗಾದ ನಾನು ನಿಮಗೆ ಹೇಳಬೇಕೆಂದಿರುವುದೆಲ್ಲ ಆ ಒಂದು ವಾಕ್ಯದ ವಿರುದ್ಧವೇ ಇದೆ ಎಂದುಕೊಳ್ಳಿ.

ತರಬೇತಿಯ ಕಾಲದಲ್ಲಿ ನಿಮ್ಮ ಕೈಯಲ್ಲಿ ಪ್ರೋಸೆಸ್ ರೆಕಾರ್ಡಿಂಗ್ ಬರೆಸುತ್ತಾರೆ. ಸಂದರ್ಶನ ಮುಗಿದ ಮೇಲೆ ಅವರು ಅಂದದ್ದು, ನೀವು ಅಂದದ್ದು, ಆಗ ನಿಮಗೆ ಅನ್ನಿಸಿದ್ದು, ಎಲ್ಲವನ್ನೂ ನೆನಪಿನಿಂದ ಬರೆದು ತರಬೇಕು. ಎಲ್ಲರೂ ಶಪಿಸುವ ಕೆಲಸ. ರಾತ್ರಿ ಹಾಸ್ಟೆಲಿನಲ್ಲಿ ಕೂತು ಬರೆಯುವಾಗ ಕೈ ತಾನಾಗಿಯೇ ತಿದ್ದುತ್ತದೆ. ತಡವರಿಸಿದ ಪ್ರಶ್ನೆ ನೆಟ್ಟಗಾಗುತ್ತದೆ, ಸುಮ್ಮನೆ ಕೂತಿದ್ದ ತಾಯಿ ‘ಒಪ್ಪಿಕೊಂಡರು’ ಎಂದಾಗುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಗನಿಗೆ ಇಪ್ಪತ್ತಾರು, ಸ್ಕಿಜೋಫ್ರೀನಿಯಾ. ತಾಯಿ ಒಬ್ಬರೇ ಬಂದಿದ್ದಾರೆ. ವಿದ್ಯಾರ್ಥಿನಿ ಬರೆದದ್ದು ಹೀಗಿತ್ತು:

ತಾಯಿ: ಅವನಿಗೆ ಗೊತ್ತಾಗ್ದಂಗೆ ಮಾತ್ರೆ ಪುಡಿ ಮಾಡಿ ಸಾರಲ್ಲಿ ಕಲ್ಸಿ ಹಾಕ್ತಾ ಇವ್ನಿ.

ನಾನು: ಹಾಗೆಲ್ಲ ಮಾಡಬಾರದಮ್ಮ. ಅದು ಅವರ ಹಕ್ಕಿಗೆ ವಿರುದ್ಧ.

ಇದರ ಕೆಳಗೆ: ‘ಔಷಧದ ಮಹತ್ವವನ್ನೂ ರೋಗಿಯ ಹಕ್ಕುಗಳನ್ನೂ ತಾಯಿಗೆ ತಿಳಿಸಿಕೊಡಲಾಯಿತು. ತಾಯಿ ಒಪ್ಪಿಕೊಂಡರು.’

ಸೂಪರ್‌ವಿಷನ್ ಹೊತ್ತಿಗೆ ಕೇಳಿದೆ. ಒಪ್ಪಿಕೊಂಡರು ಅಂದರೆ ಏನಂದರು? ‘ಏನೂ ಅನ್ನಲಿಲ್ಲ ಮೇಡಂ.’ ಏನು ಮಾಡ್ತಾ ಇದ್ದರು? ‘ಸೆರಗಿನ ತುದೀಲಿ ಕಟ್ಟಿದ್ದ ದುಡ್ಡು ಬಿಚ್ಚಿ ಎಣಿಸ್ತಾ ಇದ್ರು.’ ಆಮೇಲೆ? ‘ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋದ್ರು.’ ಈ ಮೂರು ಸಾಲು ಎಲ್ಲಿ? ಹುಡುಗಿ ತಲೆ ತಗ್ಗಿಸಿದಳು. ಸಾರಿನ ಮಾತು ಕೇಳಿದಾಗ ನಿಮಗೇನನ್ನಿಸಿತು ಎಂದೆ. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: ‘ಭಯ ಆಯ್ತು. ಸರಿ ಅಂದ್ರೆ ಕಾನೂನಿಗೆ ವಿರುದ್ಧ ಆಗುತ್ತೆ, ತಪ್ಪು ಅಂದ್ರೆ ಅವನ ಮಾತ್ರೆ ನಿಂತುಹೋಗುತ್ತೆ. ಹಕ್ಕು ಅಂತ ಬಾಯಿಗೆ ಬಂದುಬಿಡ್ತು.’

ಅವಳು ಹೇಳಿದ ಕಾನೂನಿನಲ್ಲಿ ತಪ್ಪಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ತನ್ನ ಚಿಕಿತ್ಸೆಯ ವಿಚಾರದಲ್ಲಿ ರೋಗಿಗೆ ಮಾತಿದೆ, ಒಪ್ಪಿಗೆಯಿದೆ, ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸುವ ಅಧಿಕಾರವಿದೆ. ಅದೆಲ್ಲ ನಿಮಗೆ ಕಂಠಪಾಠವಾಗಿರಬೇಕು. ಆದರೆ ಆ ಗಳಿಗೆಯಲ್ಲಿ ‘ಹಕ್ಕು’ ಎಂಬ ಮಾತು ಹೊರಟದ್ದು ಮಗನ ಸಲುವಾಗಿ ಅಲ್ಲ, ಹುಡುಗಿಯ ಭಯ ಇಳಿಯಲಿ ಅಂತ. ಅದರಿಂದ ಅವಳ ಭಯ ಇಳಿಯಿತು, ತಾಯಿಯ ಬಾಯಿ ಕಟ್ಟಿತು. ಹೊಸಬರು ಕೊಡುವ ಸಲಹೆಗಳಲ್ಲಿ ಬಹುಪಾಲು ಈ ಜಾತಿಯವು. ಎದುರಿಗಿರುವವರ ಕಷ್ಟ ನೋಡುತ್ತ ಕೂರಲು ಆಗದೆ ನಾವು ಏನಾದರೂ ಹೇಳಿಬಿಡುತ್ತೇವೆ. ಹೇಳಿದ್ದು ಯಾರಿಗಾಗಿ ಎಂದು ಕೇಳಿ ನೋಡುವುದಕ್ಕೇ ವಾರಕ್ಕೊಂದು ಗಂಟೆ ಸೂಪರ್‌ವಿಷನ್ ಇಟ್ಟಿರುವುದು.

ಮುಂದಿನ ಸಲ ತಾಯಿ ಬಂದಾಗ ಹುಡುಗಿ ಬೇರೆ ಪ್ರಶ್ನೆ ಕೇಳಿದಳು: ‘ಕಲಸದೆ ಇದ್ದರೆ ಏನಾಗಬಹುದು ಅಂತ ಭಯ ನಿಮಗೆ?’ ಆಗ ಹೊರಬಂತು. ಹೋದ ದೀಪಾವಳಿಯಲ್ಲಿ ಮಗ ಅಪ್ಪನ ಮೇಲೆ ಕುಡುಗೋಲು ಎತ್ತಿದ್ದ. ಅಂದಿನಿಂದ ಅಪ್ಪ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ: ಮಗ ಈಚೆಗೆ ಮನೆಯ ಊಟ ಬಿಟ್ಟು ಅಂಗಡಿಯ ಬನ್ನು ತಿಂದುಕೊಂಡಿದ್ದ. ಊಟದಲ್ಲಿ ವಿಷ ಬೆರೆಸುತ್ತಾರೆ ಎಂಬುದು ಅವನ ಕಾಯಿಲೆಯ ಹಳೆಯ ಅನುಮಾನ. ಸಾರು ಕಹಿಯಾದದ್ದು ಅವನ ನಾಲಿಗೆಗೆ ಗೊತ್ತಾಗಿತ್ತು. ಭ್ರಮೆಗೆ ಮನೆಯವರೇ ಸಾಕ್ಷಿ ಒದಗಿಸಿದ ಹಾಗಾಗಿತ್ತು. ಎಷ್ಟು ಮಾತ್ರೆ ಹೊಟ್ಟೆಗೆ ಹೋಗುತ್ತಿದೆ ಎಂಬುದು ಡಾಕ್ಟರಿಗೂ ಗೊತ್ತಿರಲಿಲ್ಲ. ಗುಣ ಕಾಣದೆ ಡೋಸು ಏರಿಸುತ್ತ ಹೋಗಿದ್ದರು. ಕೊನೆಗೆ ಮಗನನ್ನೇ ಕರೆಸಿ ಮಾತಾಡಿಸಿದಾಗ ಅವನು ಕೊಟ್ಟ ಕಾರಣ ಸೀದಾ ಇತ್ತು. ಮಾತ್ರೆ ನುಂಗಿದರೆ ಮೈ ಬಿಗಿಯುತ್ತದೆ, ಕೈ ನಡುಗುತ್ತದೆ, ಗೆಳೆಯರೆದುರು ಟೀ ಲೋಟ ಹಿಡಿಯಲಾಗುವುದಿಲ್ಲ. ಡಾಕ್ಟರು ಔಷಧ ಬದಲಿಸಿದರು. ಕೆಲವು ತಿಂಗಳು ತಾನೇ ನುಂಗಿದ, ಮತ್ತೆ ಬಿಟ್ಟ, ಮತ್ತೆ ಬಂದ. ಈ ಕಸುಬಿನಲ್ಲಿ ‘ಸುಖಾಂತ್ಯ’ ಅಂದರೆ ಮತ್ತೆ ಬಂದ ಅನ್ನುವುದೇ.

ಇನ್ನೊಂದು ಮಾತು. ಅದೇ ಹುಡುಗಿಯ ಮೊದಲ ವರದಿಯಲ್ಲಿ ತಾಯಿಯ ಬಗ್ಗೆ ‘ಅತಿಯಾಗಿ ತೊಡಗಿಕೊಂಡವರು’ ಎಂಬ ಟಿಪ್ಪಣಿಯಿತ್ತು. ಪುಸ್ತಕದಿಂದ ಬಂದದ್ದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಮನೆಯವರ ಟೀಕೆ, ಹಗೆತನ, ಅತಿಯಾಗಿ ತೊಡಗಿಕೊಳ್ಳುವಿಕೆ ಇವುಗಳಿಗೂ ಕಾಯಿಲೆ ಮರುಕಳಿಸುವುದಕ್ಕೂ ನಂಟಿದೆ ಎಂದು ತೋರಿಸಿದರು. ಒಳ್ಳೆಯ ಕೆಲಸ. ಅದನ್ನೇ 1980ರ ದಶಕದಲ್ಲಿ ಎನ್.ಎನ್. ವಿಗ್, ಜೂಲಿಯನ್ ಲೆಫ್ ಮೊದಲಾದವರು ಚಂಡೀಗಢದಲ್ಲಿ ನೋಡಿದಾಗ ಲಂಡನ್ನಿನಷ್ಟು ಅಂಥ ಮನೆಗಳು ಇಲ್ಲಿ ಸಿಗಲಿಲ್ಲ. ಇದನ್ನು ಓದಿ ‘ನಮ್ಮ ಕುಟುಂಬ ವ್ಯವಸ್ಥೆ ಶ್ರೇಷ್ಠ’ ಎಂದು ಭಾಷಣ ಮಾಡಬೇಡಿ, ಅದನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಇಷ್ಟೆ: ಇಪ್ಪತ್ತಾರರ ಮಗನಿಗೆ ತುತ್ತು ಮಾಡಿ ತಿನ್ನಿಸುವ ತಾಯಿಯ ಮೇಲೆ ಚೀಟಿ ಅಂಟಿಸುವ ಮೊದಲು, ಅವಳು ತಿನ್ನಿಸದಿದ್ದರೆ ಆ ಮನೆಯಲ್ಲಿ ಇನ್ಯಾರು ತಿನ್ನಿಸುತ್ತಾರೆ ಎಂದು ಕೇಳಿ.

ನಮ್ಮ ದೇಶದಲ್ಲಿ ಈ ಕೆಲಸ ಮನೆಯವರ ಮೇಲೇ ನಿಂತಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆಗೇ ಇರಿಸಿಕೊಂಡರು. ಅಡುಗೆಯಿಂದ ಆರೈಕೆಯವರೆಗೆ ಅವರೇ ಪಾಲುಗೊಂಡರು, ಕಾಯಿಲೆ ಏನೆಂದು ಕಣ್ಣಾರೆ ನೋಡಿ ಕಲಿತರು. ಪಶ್ಚಿಮದಲ್ಲಿ ಮನೆಯವರನ್ನು ದೂರ ಇಡುತ್ತಿದ್ದ ಕಾಲ ಅದು. ನಮ್ಮಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಿಮ್ಮಲ್ಲಿ ಅನೇಕರಿಗೆ ಮೊದಲ ನೌಕರಿ ಅದರಲ್ಲೇ ಸಿಗುತ್ತದೆ, ಅದೂ ಕಾಂಟ್ರ್ಯಾಕ್ಟ್ ಮೇಲೆ. ಸಂಬಳದ ಕೊರಗು ನಿಜ. ಅದನ್ನು ಸಂಘ ಕಟ್ಟಿ ಕೇಳಿ, ಸೇವೆಯ ಹೆಸರಲ್ಲಿ ನುಂಗಿಕೊಳ್ಳಬೇಡಿ. ಆದರೆ ಕೆಲಸ ಎಷ್ಟು ಬಾಕಿಯಿದೆ ಎಂಬುದೂ ತಿಳಿದಿರಲಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ತೊಂದರೆಗಳ ಬಗೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗೇ ಇದ್ದರು.

ಮನೆ ಭೇಟಿಗೆ ಹೊರಟಾಗ ಜೀಪನ್ನು ಬಾಗಿಲ ಮುಂದೆ ನಿಲ್ಲಿಸಬೇಡಿ. ‘ಮಾನಸಿಕ ಆರೋಗ್ಯ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಗಾಡಿ ಒಂದು ಗಂಟೆ ನಿಂತರೆ ಆ ಮನೆಯ ತಂಗಿಯ ಸಂಬಂಧ ಮುರಿಯಲು ಅಷ್ಟೇ ಸಾಕು. ಊರ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ನಡೆದು ಹೋಗಿ. ದಾರಿಯಲ್ಲಿ ಯಾರ ಮನೆಗೆ ಎಂದು ಕೇಳುವವರಿಗೆ ಏನು ಹೇಳಬೇಕು ಎಂಬುದನ್ನು ಮನೆಯವರನ್ನೇ ಮೊದಲು ಕೇಳಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಅನುಕೂಲ. ಅವಳು ಅದೇ ಕೇರಿಯವಳಾದರೆ ಅನನುಕೂಲವೂ ಹೌದು. ಒಳಗೆ ಹೋದ ಮೇಲೆ ಕೊಟ್ಟ ನೀರು ಕುಡಿಯಿರಿ. ‘ಬೇಡಮ್ಮ, ಈಗಷ್ಟೇ ಕುಡಿದೆ’ ಎಂಬ ಸೌಜನ್ಯದ ಮಾತು ಕೆಲವು ಮನೆಗಳಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ತಲೆಮಾರುಗಳಿಂದ ಅವರ ಕೈಯ ನೀರು ಬೇಡವೆಂದವರ ಸಾಲಿಗೆ ನೀವೂ ಸೇರಿಬಿಡುತ್ತೀರಿ, ನಿಮಗೆ ಗೊತ್ತೇ ಆಗುವುದಿಲ್ಲ. ಇದನ್ನು ಯಾವ ಪಠ್ಯಪುಸ್ತಕವೂ ಸಂದರ್ಶನದ ಕೌಶಲ ಎಂದು ಬರೆದಿಲ್ಲ, ಆದರೆ ಅದು ಕೌಶಲವೇ. ಆಮೇಲೆ ಕಣ್ಣಾಡಿಸಿ: ಮಾತ್ರೆಯ ಡಬ್ಬಿ ಎಲ್ಲಿದೆ, ಯಾರ ಎತ್ತರಕ್ಕೆ ಸಿಗುತ್ತದೆ, ರೋಗಿ ಎಲ್ಲಿ ಮಲಗುತ್ತಾನೆ, ಅವನ ತಟ್ಟೆ ಬೇರೆ ಇದೆಯೋ ಎಲ್ಲರದರ ಜೊತೆಗಿದೆಯೋ.

ನಿಮ್ಮಲ್ಲಿ ಹಲವರಿಗೆ ಒಂದು ಮೇಲರಿಮೆ ಬರುವುದನ್ನು ಕಂಡಿದ್ದೇನೆ. ‘ಕ್ಲಿನಿಕಲ್’ ಎಂಬ ಪದ ಅಂಟಿದ ಕೂಡಲೇ ಥೆರಪಿ ಮೇಲಿನ ಕೆಲಸ, ಪಿಂಚಣಿ ಅರ್ಜಿ ಬರೆಯುವುದು ಕೆಳಗಿನ ಕೆಲಸ ಎಂದು ತೋರತೊಡಗುತ್ತದೆ. ನನಗಿದು ಸುತರಾಂ ಒಪ್ಪಿಗೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ, ಶೇ. 40ಕ್ಕೆ ಕಡಿಮೆಯಿಲ್ಲದ ಪ್ರಮಾಣ ಇದ್ದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆ ಅಳತೆಗೆ ಬಳಸುವ ‘ಐಡಿಯಾಸ್’ ಮಾಪಕ ಕೇಳುವುದು ನಾಲ್ಕು ಸಂಗತಿ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಮನಸ್ಸಿಟ್ಟು ಕೇಳಿದರೆ ರೋಗಿಯ ಇಡೀ ದಿನ ನಿಮ್ಮೆದುರು ಬಿಚ್ಚಿಕೊಳ್ಳುತ್ತದೆ. ಸ್ನಾನಕ್ಕೆ ಎಷ್ಟು ಸಲ ಹೇಳಬೇಕು, ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ತರುತ್ತಾನೆಯೇ, ಹಬ್ಬಕ್ಕೆ ಬಂದ ನೆಂಟರೆದುರು ಕೂರುತ್ತಾನೆಯೇ. ಸರ್ಟಿಫಿಕೇಟು ಕೈಗೆ ಬಂದು ತಿಂಗಳಿಗಿಷ್ಟು ಹಣ ಅವನ ಹೆಸರಿಗೆ ಬರತೊಡಗಿದ ಮೇಲೆ, ಅದುವರೆಗೆ ‘ಕೂತು ತಿನ್ನುವವನು’ ಎನ್ನುತ್ತಿದ್ದ ಅತ್ತಿಗೆಯ ದನಿ ಬದಲಾದದ್ದನ್ನು ಕೇಳಿದ್ದೇನೆ. ಅದು ಥೆರಪಿ ಅಲ್ಲದಿದ್ದರೆ ಇನ್ನೇನು?

ಬಸ್ಸಿನ ವಿಷಯವೂ ಹಾಗೇ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕ್ಲಿನಿಕ್ಕುಗಳು ಮಂಗಳವಾರಕ್ಕೆ ಗೊತ್ತಾಗಿವೆ. ಮಂಗಳವಾರ ಬಾರದವರನ್ನು ‘ಚಿಕಿತ್ಸೆ ಬಿಟ್ಟವರು’ ಎಂದು ಬರೆಯುವ ಮೊದಲು ಆ ದಿನ ಅವರೂರಿನ ಸಂತೆಯೋ, ಕೂಲಿಯ ದಿನವೋ, ಬಸ್ಸು ಎಷ್ಟು ಹೊತ್ತಿಗೋ ವಿಚಾರಿಸಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ತಾಯಂದಿರು ಬರುವುದು ಸಲೀಸಾಯಿತು. ಮಗನ ಟಿಕೆಟ್ಟು ಮಾತ್ರ ಉಳಿಯಿತು, ಅದಕ್ಕಾಗಿಯೇ ಮಗನನ್ನು ಮನೆಯಲ್ಲಿ ಬಿಟ್ಟು ಚೀಟಿ ಹಿಡಿದು ತಾಯಿಯೊಬ್ಬರೇ ಬರುವುದುಂಟು. ರೋಗಿಯನ್ನು ನೋಡದೆ ಮಾತ್ರೆ ಬರೆಯುವ ಸ್ಥಿತಿ ಹೀಗೂ ಹುಟ್ಟುತ್ತದೆ.

ಈಗ ಕಟ್ಟುನಿಟ್ಟಾಗಿ ಹೇಳಬೇಕಾದದ್ದು. ‘ನೀವು ಏನೇ ಹೇಳಿ, ನಾನು ಯಾರಿಗೂ ಹೇಳುವುದಿಲ್ಲ’ ಎಂದು ಯಾರಿಗೂ ಮಾತು ಕೊಡಬೇಡಿ. ನಂಬಿಕೆ ಗಳಿಸುವ ಉತ್ಸಾಹದಲ್ಲಿ ಎಲ್ಲ ಹೊಸಬರೂ ಕೊಡುತ್ತಾರೆ. ಹದಿನೈದು ವರ್ಷದ ಹುಡುಗಿ ಆ ಮಾತು ನಂಬಿ ಸೋದರಮಾವನ ಹೆಸರು ಹೇಳಿದ ಮೇಲೆ ನಿಮ್ಮ ಕೈ ಕಟ್ಟಿರುತ್ತದೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಅವಳ ದೃಷ್ಟಿಯಲ್ಲಿ ಮಾತು ತಪ್ಪಿದ ದೊಡ್ಡವರ ಪಟ್ಟಿಗೆ ಇನ್ನೊಬ್ಬರು ಸೇರಿದಂತೆ. ಅದಕ್ಕೆ ಮೊದಲ ಭೇಟಿಯಲ್ಲೇ ಹೇಳಿ: ‘ನೀನು ಹೇಳೋದನ್ನ ಬಾಯಿಬಿಟ್ಟು ಯಾರ ಹತ್ರಾನೂ ಆಡಲ್ಲ. ಆದ್ರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ರೆ, ಮಕ್ಕಳ ಮೇಲೆ ಯಾರಾದ್ರೂ ಕೈ ಮಾಡಿದ್ರೆ, ದೊಡ್ಡವರಿಗೆ ಹೇಳ್ಬೇಕಾಗುತ್ತೆ. ಹೇಳೋಕೆ ಮುಂಚೆ ನಿನಗೆ ಹೇಳ್ತೀನಿ.’ ಕೆಲವರು ಇದನ್ನು ಕೇಳಿ ಸುಮ್ಮನಾಗಿಬಿಡುತ್ತಾರೆ. ಇನ್ನೊಂದು ವಾರ ಬಿಟ್ಟು ಹೇಳುತ್ತಾರೆ, ಏನಾಗುತ್ತದೆ ಎಂದು ಗೊತ್ತಿದ್ದೇ ಹೇಳುತ್ತಾರೆ. ಅದು ಮೇಲು. ಇಂಥದ್ದು ಕಿವಿಗೆ ಬಿದ್ದ ದಿನವೇ ನಿಮ್ಮ ಮೇಲ್ವಿಚಾರಕರ ಬಾಗಿಲು ತಟ್ಟಿ. ವಾರದ ಗಂಟೆಗೆ ಕಾಯಬೇಡಿ.

ಸಾಯುವ ಮಾತೂ ಹಾಗೆಯೇ. ಕೇಳಿದರೆ ಅವರ ತಲೆಗೆ ಹೊಳೆಸಿದಂತಾಗುತ್ತದೆ ಎಂಬ ಹೆದರಿಕೆ ಬಿಡಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಜೀವನ ಬೇಸರ ಆಗಿದೆಯಾ’ ಎಂದು ಸುತ್ತು ಬಳಸಬೇಡಿ. ‘ಸತ್ತುಹೋಗೋಣ ಅನ್ನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?’ ಎಂದೇ ಕೇಳಿ. ಬೇಸಾಯದ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದೀರಿ ಎಂಬುದು ನಿಮ್ಮ ಮುಂದಿನ ಪ್ರಶ್ನೆ. ಮಂಚದ ಕೆಳಗಿನ ಡಬ್ಬಿ ಬೀಗ ಹಾಕಿದ ಪೆಟ್ಟಿಗೆಗೋ, ತೋಟದ ಮನೆಗೋ, ಅಣ್ಣನ ಮನೆಗೋ ಹೋದರೆ ಆ ಒಂದು ರಾತ್ರಿ ದಾಟಬಹುದು. ಮನಸ್ಸು ಕುದಿಯುವ ಆ ಗಳಿಗೆ ಎಷ್ಟೋ ಸಲ ಬಹಳ ಹೊತ್ತು ನಿಲ್ಲುವುದಿಲ್ಲ, ಕೈಗೆ ಸಿಕ್ಕರೆ ಮಾತ್ರ ಅನಾಹುತ. ಕೇಸಾಗುತ್ತದೆಂದು ಹೆದರಿ ಮನೆಯವರು ‘ಹೊಟ್ಟೆನೋವಿಗೆ ತಪ್ಪಿ ಕುಡಿದಳು’ ಎಂದು ಹೇಳುವುದು ಇಂದಿಗೂ ಇದೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದನ್ನು ಸುಳ್ಳೆಂದು ಸಾಬೀತು ಮಾಡದ ಹೊರತು ಶಿಕ್ಷಿಸುವಂತಿಲ್ಲ. ಇದನ್ನು ಕಾರಿಡಾರಿನಲ್ಲಿ ಬೆವರುತ್ತ ನಿಂತ ಗಂಡನಿಗೋ ಅತ್ತೆಗೋ ತಿಳಿಯಹೇಳಿ, ನಿಜ ಹೊರಬರಲು ದಾರಿಯಾಗುತ್ತದೆ. ಹೋಗುವಾಗ 14416 ಬರೆದುಕೊಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಅದು, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಟ್ಟರೆ ಸಾಲದು, ಅವರ ಫೋನಿನಲ್ಲೇ ಸೇವ್ ಮಾಡಿಸಿ.

ದೇವರು ದಿಂಡರ ವಿಷಯಕ್ಕೆ ವಾದಕ್ಕಿಳಿಯಬೇಡಿ. ಗಾಣಗಾಪುರಕ್ಕೆ ಹೋಗಿ ಬಂದವರನ್ನು, ದರ್ಗಾದಲ್ಲಿ ತಾಯತ ಕಟ್ಟಿಸಿಕೊಂಡವರನ್ನು ನೀವು ದಿನಾ ನೋಡುತ್ತೀರಿ. ಹೊಡೆತ, ಸರಪಳಿ, ಉಪವಾಸ ಇಲ್ಲದಿದ್ದರೆ, ಮಾತ್ರೆ ನಿಲ್ಲಿಸುವುದಿಲ್ಲವೆಂದರೆ, ಹೋಗಿ ಬರಲಿ. ಸರಪಳಿಯ ವಿಚಾರದಲ್ಲಿ ಮಾತ್ರ ರಾಜಿಯಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಕಟ್ಟಿಹಾಕಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸತ್ತ 28 ಮಂದಿ ಓಡಲಾಗದೆ ಸತ್ತದ್ದು ಸರಪಳಿಯಿಂದಲೇ.

‘ಮದುವೆ ಮಾಡಿದರೆ ಸರಿಹೋಗ್ತಾನಾ?’ ಎಂದು ಕೇಳದ ಮನೆಯಿಲ್ಲ. ‘ಇಲ್ಲ’ ಎಂದು ಮುಖಕ್ಕೆ ಹೇಳಿ ಕಳಿಸಿದರೆ ಅವರು ಮದುವೆ ನಿಲ್ಲಿಸುವುದಿಲ್ಲ, ಆಸ್ಪತ್ರೆಗೆ ಬರುವುದು ನಿಲ್ಲಿಸುತ್ತಾರೆ. ಯಾಕೆ ಈಗ, ಹುಡುಗಿಯ ಕಡೆಯವರಿಗೆ ಎಷ್ಟು ಹೇಳಿದ್ದೀರಿ, ಹುಡುಗನೇ ಏನಂತಾನೆ, ಇವನ್ನು ಕೇಳಿ. ಮುಚ್ಚಿಟ್ಟ ಮನೆಯಲ್ಲಿ ಮದುವೆಯಾದ ರಾತ್ರಿಯಿಂದಲೇ ಮಾತ್ರೆ ನಿಲ್ಲುತ್ತದೆ, ಹೆಂಡತಿಯೆದುರು ನುಂಗುವುದು ಹೇಗೆ? ಮೂರ್ನಾಲ್ಕು ತಿಂಗಳಲ್ಲಿ ಮರುಕಳಿಸಿ ಅವನನ್ನು ವಾರ್ಡಿಗೆ ಕರೆತಂದಾಗ ಆ ಹುಡುಗಿ ಮೂಲೆಯಲ್ಲಿ ನಿಂತಿರುತ್ತಾಳೆ. ಅವಳೂ ನಿಮ್ಮ ಕೇಸೇ. ರೋಗಿ ಹೆಣ್ಣುಮಗಳಾದರೆ ಇನ್ನೊಂದು ಎಚ್ಚರ: ಮದುವೆಯ ಮಾತು ಬಂದ ಕೂಡಲೇ ಡಾಕ್ಟರಿಗೆ ತಿಳಿಸಿ. ವಾಲ್‌ಪ್ರೋಯೇಟ್‌ನಂಥ ಔಷಧ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು, ಬಸುರಿಯಾದ ಮೇಲೆ ನೆನಪಿಸಿಕೊಂಡರೆ ತಡವಾಯಿತು.

ನಿಮ್ಮಲ್ಲಿ ಕೆಲವರು ಮುಂದೆ ಮೇಲ್ವಿಚಾರಕರಾಗುತ್ತೀರಿ. ಸಮಾಜಕಾರ್ಯದ ವಿದ್ವಾಂಸ ಆಲ್ಫ್ರೆಡ್ ಕಡೂಶಿನ್ ಮೇಲ್ವಿಚಾರಣೆಗೆ ಮೂರು ಕೆಲಸ ಹೇಳಿದರು: ಆಡಳಿತ, ಕಲಿಸುವುದು, ಆಸರೆಯಾಗುವುದು. ನಮ್ಮಲ್ಲಿ ಮೊದಲನೆಯದು ಉಳಿದೆರಡನ್ನೂ ತಿಂದುಹಾಕುತ್ತದೆ. ಡೈರಿಗೆ ಸಹಿ, ಹಾಜರಿ, ಅಂಕ. ಅಂಕ ಕೊಡುವವರ ಎದುರು ತನ್ನ ಎಡವಟ್ಟನ್ನು ಯಾವ ವಿದ್ಯಾರ್ಥಿ ತಾನೇ ಬಿಚ್ಚಿಡುತ್ತಾನೆ? ‘ಹೌದು ಸರ್, ಸರಿ ಮೇಡಂ’ ಎಂದು ಬೆಳೆದ ಮಕ್ಕಳು ಇವರು. ಆದ್ದರಿಂದ ಮೊದಲ ವಾರವೇ ಬಾಯಿಬಿಟ್ಟು ಹೇಳಿ: ನೀಟಾದ ವರದಿಗೆ ನನ್ನಲ್ಲಿ ಅಂಕವಿಲ್ಲ, ನಿಮಗೆ ಎಲ್ಲಿ ಕೈಕಾಲು ಆಡಲಿಲ್ಲ ಎಂಬುದನ್ನು ತಂದವರಿಗೆ ಇದೆ. ಹೇಳಿದ ಹಾಗೆ ನಡೆದುಕೊಳ್ಳಿ. ಒಂದು ಸಲ ಆ ಪುಟ ನೋಡಿ ಹುಬ್ಬು ಗಂಟಿಕ್ಕಿದರೆ ವರ್ಷವಿಡೀ ನಿಮಗೆ ಸಿಗುವುದು ‘ಕೌನ್ಸೆಲಿಂಗ್ ಮಾಡಲಾಯಿತು’ ಎಂಬುದಷ್ಟೇ.

ವಿದ್ಯಾರ್ಥಿ ನಿಮ್ಮ ಕೋಣೆಯಲ್ಲಿ ಹೇಗೆ ಕೂರುತ್ತಾನೆ ಎಂಬುದನ್ನೂ ಗಮನಿಸಿ. ಕುಡುಕ ಗಂಡನ ಹೆಂಡತಿಯೊಬ್ಬಳು ‘ನೀವೇ ಏನಾದ್ರೂ ಮಾಡಿ ಸಾರ್’ ಎಂದು ಹುಡುಗನ ಕೈ ಹಿಡಿದುಕೊಂಡಿದ್ದಳು. ಅವನು ನನ್ನ ಹತ್ತಿರ ಬಂದು ಅದೇ ದನಿಯಲ್ಲಿ ‘ನೀವೇ ಏನಾದ್ರೂ ಹೇಳಿ ಮೇಡಂ’ ಎಂದ. ಅಲ್ಲಿ ನಡೆದದ್ದು ಇಲ್ಲಿ ಮರುನಡೆಯುತ್ತದೆ ಎಂಬುದನ್ನು ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಬರೆದಿದ್ದರು. ನಾನು ಉಪಾಯ ಹೇಳಿ ಕಳಿಸಿದ್ದರೆ ಅವನೂ ಆ ಹೆಂಗಸಿಗೆ ಉಪಾಯವೊಂದನ್ನು ದಾಟಿಸಿ ಕೈ ತೊಳೆದುಕೊಳ್ಳುತ್ತಿದ್ದ. ‘ಅವಳು ಕೈ ಹಿಡಿದಾಗ ಏನಾಯಿತು ನಿನಗೆ?’ ಎಂದು ಕೇಳಿದೆ. ಅವನ ಅಮ್ಮನ ಮಾತು ಬಂತು, ಅಪ್ಪನ ಕುಡಿತ ಬಂತು. ಇಲ್ಲಿ ಎಚ್ಚರ ಬೇಕು. ವಿದ್ಯಾರ್ಥಿ ಅತ್ತರೆ ಅಳಲು ಬಿಡಿ, ನೀರು ಕೊಡಿ, ಆದರೆ ಅವನ ಮನೆಯ ಕತೆ ಕೆದಕುತ್ತ ಹೋಗಿ ನೀವೇ ಅವನ ಥೆರಪಿಸ್ಟ್ ಆಗಬೇಡಿ. ಆ ಕತೆ ಈ ಹೆಂಗಸಿನ ಕೇಸಿಗೆ ಎಷ್ಟು ತಾಗುತ್ತದೋ ಅಷ್ಟು ಸಾಕು. ಉಳಿದದ್ದಕ್ಕೆ ಬೇರೆಯವರನ್ನು ನೋಡಲು ಹೇಳಿ. ಅಂಕ ಕೊಡುವ ಕೈಗೆ ಅವನ ಗುಟ್ಟೆಲ್ಲ ಸಿಗುವುದು ಸರಿಯಲ್ಲ. ಮತ್ತೆ, ಅವನ ಕೇಸನ್ನು ಕಿತ್ತುಕೊಳ್ಳಬೇಡಿ. ನಿಮಗೆ ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಅವನು ತಿಂಗಳು ತೆಗೆದುಕೊಳ್ಳುತ್ತಾನೆ, ನೋಡುತ್ತ ಕೂರುವುದು ಕಷ್ಟವೇ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮಧ್ಯೆ ಬನ್ನಿ.

ಇನ್ನು ಹೊರಡುವ ಕಾಲ. ಪ್ಲೇಸ್‌ಮೆಂಟ್ ಮುಗಿಯುತ್ತಲೇ ವಿದ್ಯಾರ್ಥಿಗಳು ಹೇಳದೆ ಕೇಳದೆ ಮಾಯವಾಗುತ್ತಾರೆ. ಪರೀಕ್ಷೆ, ವೈವಾ, ಊರಿನ ಬಸ್ಸು. ಮುಂದಿನ ವಾರ ಬಂದ ತಾಯಿ ‘ಆ ಮೇಡಂ ಎಲ್ಲಿ?’ ಎಂದು ನರ್ಸನ್ನು ಕೇಳುತ್ತಾಳೆ. ಮೂರು ವಾರ ಮೊದಲೇ ಹೇಳಿ, ಪ್ರತಿ ಭೇಟಿಯಲ್ಲೂ ಹೇಳಿ. ಕೆಲವರು ಸಿಟ್ಟಾಗುತ್ತಾರೆ, ಕೆಲವರು ಕೊನೆಯ ದಿನ ಬರುವುದೇ ಇಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಿಮಗಿಂತ ಮೊದಲೇ ಅವರು ಬಿಟ್ಟುಹೋದರು ಅಷ್ಟೆ. ಸಂಕಟ ತಡೆಯಲಾರದೆ ನಿಮ್ಮ ಸ್ವಂತ ಫೋನ್ ನಂಬರು ಕೊಡಬೇಡಿ. ಮುಂದೆ ಯಾರು ನೋಡುತ್ತಾರೋ ಅವರನ್ನು ಒಮ್ಮೆಯಾದರೂ ನೀವಿರುವಾಗಲೇ ಜೊತೆಗೆ ಕೂರಿಸಿ ಪರಿಚಯ ಮಾಡಿಕೊಡಿ. ಅವರಿಗೆಂದು ಬರೆಯುವ ಟಿಪ್ಪಣಿಯಲ್ಲಿ ಡಯಾಗ್ನೋಸಿಸ್ ಕೊನೆಗಿರಲಿ, ಅದು ಫೈಲಿನಲ್ಲಿ ಹೇಗೂ ಇದೆ. ಮೊದಲು ಬರೆಯಬೇಕಾದದ್ದು: ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾನೆ, ಫೋನು ಯಾರದು, ಸಂಜೆ ಆರರ ಮೇಲೆ ಮಾಡಿದರೆ ಅದನ್ನು ಯಾರು ಎತ್ತುತ್ತಾರೆ, ಯಾವ ವಿಷಯವನ್ನು ಅಪ್ಪನೆದುರು ಎತ್ತಬಾರದು, ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ.